ಶಿರಾಡಿ ಏರುವಾಗ ಎಂಜಿನ್ ಬಿಸಿಯೇರುತ್ತಿದೆ: ಥರ್ಮೋಸ್ಟ್ಯಾಟ್ ತೆಗೆಸಿಬಿಡುವುದು ಸರಿಯೇ?

ಪ್ರಶ್ನೆ: ನೇತ್ರಾವತಿ ದಂಡೆ

ನನ್ನದು 2014ರ ಮಾದರಿಯ, 1.2 ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು. ಮಂಗಳೂರಿನಿಂದ ಸಕಲೇಶಪುರದ ಕಡೆಗೆ ಹೋಗುವಾಗ ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಗುಂಡ್ಯ ತಲುಪುವವರೆಗೂ ಉಷ್ಣತೆಯ ಮುಳ್ಳು ನಟ್ಟನಡುವೆ ಅಲುಗಾಡದೆ ನಿಂತಿರುತ್ತದೆ. ಅಲ್ಲಿಂದ ಮಾರನಹಳ್ಳಿಯತ್ತ ಏರು ಶುರುವಾಗಿ, ಟ್ಯಾಂಕರ್ ಲಾರಿಗಳ ಸಾಲಿನ ಹಿಂದೆ ಎರಡನೆಯ ಗೇರಿನಲ್ಲಿ ತೆವಳಬೇಕಾಗಿ ಬಂದಾಗ, ಎ.ಸಿ. ಚಾಲೂ ಇದ್ದರೆ ಮುಳ್ಳು ಮುಕ್ಕಾಲು ಭಾಗವನ್ನೂ ದಾಟುತ್ತದೆ. ಎ.ಸಿ. ನಿಲ್ಲಿಸಿದರೆ ನಿಧಾನವಾಗಿ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಈ ತೊಂದರೆ ಕಾಣಿಸುವುದಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ನೆಲಕ್ಕೆ ಏನೂ ಸೋರಿದ ಗುರುತಿಲ್ಲ.

ಇಲ್ಲಿನ ಗ್ಯಾರೇಜೊಂದರಲ್ಲಿ ತೋರಿಸಿದಾಗ, "ನಮ್ಮ ಸೆಕೆಗೆ ಥರ್ಮೋಸ್ಟ್ಯಾಟ್ ಬೇಕಾಗಿಯೇ ಇಲ್ಲ, ಅದು ಚಳಿ ದೇಶದವರಿಗೆ ಮಾಡಿದ್ದು, ಅದನ್ನು ತೆಗೆದು ಬರೀ ನೀರು ತುಂಬಿಸಿದರೆ ಎಂಜಿನ್ ತಣ್ಣಗಿರುತ್ತದೆ" ಎಂದು ಹೇಳಿದರು. ಹೀಗೆ ಮಾಡಿಸಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ, ಅವರ ಕಾರುಗಳು ಓಡುತ್ತಲೂ ಇವೆ. ಆದರೂ ಕಾರು ತಯಾರಿಸಿದವರು ಇಟ್ಟಿರುವ ಭಾಗವೊಂದನ್ನು ಕಿತ್ತು ಬಿಸಾಡಲು ನನಗೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಐಟಿಐ ಬೋಧಕ

ತೆಗೆಸಬೇಡಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಸಲಹೆ ಕರಾವಳಿಯಲ್ಲಷ್ಟೇ ಅಲ್ಲ, ರಾಜ್ಯದ ಎಲ್ಲ ಕಡೆಯೂ ಕೇಳಿಬರುತ್ತದೆ ಮತ್ತು ಅದರಿಂದ ಹಾಳಾಗುವ ಎಂಜಿನ್ನುಗಳು ಕಡಿಮೆಯಲ್ಲ.

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ, ಉಳಿದುದರಲ್ಲಿ ಹೆಚ್ಚಿನದನ್ನು ಕೂಲಂಟ್ (ಎಂಜಿನ್ ತಣಿಸಲು ಅದರೊಳಗೆ ಹರಿಯುವ ದ್ರವ) ಹೊತ್ತು ರೇಡಿಯೇಟರಿಗೆ ಒಯ್ಯಬೇಕು. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಆ ಲೋಹವನ್ನು ಉಳಿಸುತ್ತಿರುವುದು ಅದರ ಹಿಂಬದಿಯಲ್ಲಿ ಬಿಡುವಿಲ್ಲದೆ ಹರಿಯುವ ದ್ರವ. ನಾಲ್ಕು ಜನರನ್ನು ಕೂರಿಸಿಕೊಂಡು ಎ.ಸಿ. ಹಾಕಿ ಘಟ್ಟ ಹತ್ತುವ ಸಣ್ಣ ಕಾರಿನ ರೇಡಿಯೇಟರ್ 10ರಿಂದ 15 ಕಿಲೋವ್ಯಾಟ್‌ನಷ್ಟು ಶಾಖವನ್ನು ಗಾಳಿಗೆ ಬಿಡಬೇಕಾಗುತ್ತದೆ, ಅಂದರೆ ಸ್ನಾನದ ಮನೆಯ 2 ಕಿಲೋವ್ಯಾಟ್ ಗೀಸರುಗಳು ಐದರಿಂದ ಏಳು ಒಟ್ಟಿಗೆ ಉರಿದಷ್ಟು. ಸಮತಟ್ಟು ಹೆದ್ದಾರಿಯಲ್ಲಿ ಎದುರುಗಾಳಿಯೇ ಈ ಕೆಲಸವನ್ನು ಮಾಡಿಕೊಡುತ್ತದೆ. ಘಟ್ಟದಲ್ಲಿ ವೇಗ ಕಡಿಮೆ, ಎಂಜಿನ್ನಿನ ಹೊರೆ ಹೆಚ್ಚು. ಜೊತೆಗೆ ರೇಡಿಯೇಟರಿನ ಮುಂದೆಯೇ ಇರುವ ಎ.ಸಿ. ಕಂಡೆನ್ಸರ್ ತನ್ನ ಬಿಸಿಯನ್ನು ಅದೇ ಗಾಳಿಗೆ ಸೇರಿಸುತ್ತದೆ. ಹೀಗಾಗಿ ವ್ಯವಸ್ಥೆಯಲ್ಲಿ ಎಲ್ಲೋ ಇರುವ ಸಣ್ಣ ಕೊರತೆ ಊರೊಳಗೆ ಅಡಗಿಕೊಂಡಿದ್ದು ಶಿರಾಡಿಯಲ್ಲಿ ಹೊರಬೀಳುತ್ತದೆ.

ಇನ್ನು ಥರ್ಮೋಸ್ಟ್ಯಾಟ್. ಅದರೊಳಗೆ ಮೇಣ ತುಂಬಿದ ಪುಟ್ಟ ಕೊಳವೆಯಿದೆ. ಮೇಣ ಕರಗಿ ಹಿಗ್ಗಿದಾಗ ಕವಾಟ ತೆರೆದು ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ. ತೆರೆಯುವ ಉಷ್ಣತೆಯನ್ನು ಅದರ ಮೇಲೆಯೇ ಒತ್ತಿರುತ್ತಾರೆ, ಬಹುತೇಕ ಕಾರುಗಳಲ್ಲಿ 82 ಅಥವಾ 88 ಡಿಗ್ರಿ. ನಮ್ಮ ಸೆಕೆಗಾಲದಲ್ಲೂ ಹೊರಗಿನ ಗಾಳಿ 35–40 ಡಿಗ್ರಿಯಷ್ಟೇ ಇರುತ್ತದೆ, ಎಂಜಿನ್ ಕೆಲಸ ಮಾಡಬೇಕಾದದ್ದು 90ರ ಆಸುಪಾಸಿನಲ್ಲಿ. ಆದ್ದರಿಂದ "ಚಳಿ ದೇಶದ ಭಾಗ" ಎಂಬ ಮಾತಿಗೆ ಆಧಾರವಿಲ್ಲ. ಥರ್ಮೋಸ್ಟ್ಯಾಟ್ ತೆಗೆದ ಎಂಜಿನ್ ಊರೊಳಗಿನ ಸಣ್ಣ ಓಡಾಟದಲ್ಲಿ ತನ್ನ ಉಷ್ಣತೆಯನ್ನೇ ಮುಟ್ಟುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ನಿಯಂತ್ರಣ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲ್‌ಗೆ ಬೆರೆಯುತ್ತದೆ, ಸವೆತ ಹೆಚ್ಚುತ್ತದೆ. ಅನೇಕ ಕಾರುಗಳಲ್ಲಿ ಪಿ 0128 ಎಂಬ ದೋಷಸಂಕೇತದೊಂದಿಗೆ ಎಂಜಿನ್ ದೀಪವೂ ಹೊತ್ತಿಕೊಳ್ಳುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಅಂಶವಿದೆ. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟಿನ ಕೆಳಗೆ ಎರಡನೆಯ ತಟ್ಟೆಯೊಂದಿರುತ್ತದೆ. ಮೇಲಿನ ಕವಾಟ ತೆರೆದಾಗ ಇದು ಬೈಪಾಸ್ ದಾರಿಯನ್ನು ಮುಚ್ಚಿ ದ್ರವವೆಲ್ಲ ರೇಡಿಯೇಟರ್ ಮೂಲಕವೇ ಹೋಗುವಂತೆ ಮಾಡುತ್ತದೆ. ಅಂಥ ಎಂಜಿನ್ನಿನಿಂದ ಥರ್ಮೋಸ್ಟ್ಯಾಟ್ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಕುದಿಯುವ ದ್ರವದ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನ್ನಿಗೆ ಮರಳುತ್ತದೆ. ಅಂದರೆ ನಿಮಗೆ ತೊಂದರೆ ಕೊಡುತ್ತಿರುವ ಆ ಏರಿನಲ್ಲೇ ಕಾರು ಮೊದಲಿಗಿಂತ ಹೆಚ್ಚು ಬಿಸಿಯಾಗಬಹುದು.

ಥರ್ಮೋಸ್ಟ್ಯಾಟ್ ಮೇಲೆಯೇ ಅನುಮಾನವಿದ್ದರೆ ಬಿಚ್ಚಿಸಿ, ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಒತ್ತಿರುವ ಅಂಕಿಯ ಹತ್ತಿರ ತಟ್ಟೆ ಅಲುಗಾಡಿ, ನೀರು ಕುದಿಯುವ ಹೊತ್ತಿಗೆ ಸುಮಾರು 8 ಮಿಲಿಮೀಟರ್ ಎದ್ದರೆ ಅದು ಸರಿಯಾಗಿದೆ. ಏಳದಿದ್ದರೆ ಹೊಸದನ್ನು ಹಾಕಿಸಿ, ಖಾಲಿ ಬಿಡಬೇಡಿ. ಆದರೆ ಮುಚ್ಚಿಕೊಂಡೇ ಕಚ್ಚಿಕೊಂಡ ಥರ್ಮೋಸ್ಟ್ಯಾಟ್ ನಿಮ್ಮನ್ನು ಗುಂಡ್ಯದವರೆಗೂ ಸುಮ್ಮನೆ ಬಿಡುತ್ತಿರಲಿಲ್ಲ, ಹಾಗಾಗಿ ನನ್ನ ಅನುಮಾನ ಬೇರೆ ಕಡೆಗಿದೆ. ಎರಡು ಪರೀಕ್ಷೆ ಮಾಡಿ ತಿಳಿಸಿ: ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದಾಗ ರೇಡಿಯೇಟರ್ ಫ್ಯಾನ್ ತಿರುಗುತ್ತದೆಯೇ? ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ದ್ರವ ಕತ್ತಿನವರೆಗೂ ಇದೆಯೇ? ಪಕ್ಕದಲ್ಲಿರುವ, ಉಕ್ಕಿದ ಕೂಲಂಟ್ ಸೇರುವ ಬಾಟಲಿಯನ್ನಷ್ಟೇ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ನೇತ್ರಾವತಿ ದಂಡೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಎ.ಸಿ. ಹಾಕಿದ ತಕ್ಷಣ ಫ್ಯಾನ್ ತಿರುಗುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಕಂಡದ್ದು ನನಗೆ ಅರ್ಥವಾಗುತ್ತಿಲ್ಲ: ಬಾಟಲಿಯಲ್ಲಿ ಕೂಲಂಟ್ ಮೇಲಿನ ಗೆರೆಯನ್ನೂ ಮೀರಿ ನಿಂತಿದೆ, ಆದರೆ ರೇಡಿಯೇಟರಿನ ಮುಚ್ಚಳ ತೆಗೆದರೆ ದ್ರವ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳು ಹಾಕಿದರೂ ಸಿಗುವುದಿಲ್ಲ. ಮುಚ್ಚಳದ ಕೆಳಗಿನ ರಬ್ಬರು ಗಟ್ಟಿಯಾಗಿ, ಅಂಚಿನಲ್ಲಿ ಸಣ್ಣ ಬಿರುಕುಗಳು ಕಾಣುತ್ತಿವೆ.

ಉತ್ತರ: ಹಾಸನದ ಗ್ಯಾರೇಜಿನವರು

ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿಯಿದೆ ಎಂದರೆ ಮೊದಲು ನೋಡಬೇಕಾದದ್ದು ನೀವು ಕೈಯಲ್ಲಿ ಹಿಡಿದಿದ್ದ ಆ ಮುಚ್ಚಳವನ್ನೇ. ನೋಡಲು ಡಬ್ಬಿಯ ಮುಚ್ಚಳದಂತಿದ್ದರೂ ಅದರಲ್ಲಿ ಎರಡು ಕವಾಟಗಳಿವೆ. ಸ್ಪ್ರಿಂಗ್ ಇರುವ ದೊಡ್ಡ ಕವಾಟ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಆ ಒತ್ತಡದ ಅಳತೆ. ಬರೀ ನೀರು ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುತ್ತದೆ, 1.1ರ ಮುಚ್ಚಳದಡಿ 120 ಡಿಗ್ರಿ ದಾಟಬೇಕಾಗುತ್ತದೆ. ಅರ್ಧ ಕೂಲಂಟ್, ಅರ್ಧ ನೀರು ಇದ್ದರೆ 130ರ ಸಮೀಪದವರೆಗೂ ಕುದಿಯುವುದಿಲ್ಲ. ರಬ್ಬರು ಬಿರಿದ ಮುಚ್ಚಳ ಒತ್ತಡ ಹಿಡಿಯುವುದಿಲ್ಲ, ಹಾಗಾಗಿ ಘಟ್ಟದಲ್ಲಿ ದ್ರವ ಬೇಗ ಕುದಿದು ಬಾಟಲಿಗೆ ನುಗ್ಗುತ್ತದೆ.

ನಡುವೆ ಇರುವ ಚಿಕ್ಕ ಕವಾಟದ ಕೆಲಸ ಇದಕ್ಕೆ ತದ್ವಿರುದ್ಧ. ಎಂಜಿನ್ ತಣಿಯುವಾಗ ಒಳಗಿನ ದ್ರವ ಕುಗ್ಗಿ ಸೆಳೆತ ಉಂಟಾಗುತ್ತದೆ, ಆಗ ಈ ಕವಾಟ ತೆರೆದು ಬಾಟಲಿಯಲ್ಲಿರುವುದನ್ನು ವಾಪಸು ಎಳೆದುಕೊಳ್ಳಬೇಕು. ಮುಚ್ಚಳದ ಮೇಲಂಚಿನ ಸೀಲ್ ಬಿಗಿಯಾಗಿ ಕೂರದಿದ್ದರೆ, ಅಥವಾ ಬಾಟಲಿಗೆ ಹೋಗುವ ತೆಳು ಪೈಪ್ ಎಲ್ಲಾದರೂ ಬಿರಿದಿದ್ದರೆ, ಕೂಲಂಟಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಪ್ರತಿ ಸಲವೂ ಸ್ವಲ್ಪ ಹೊರಗೆ ಹೋಗಿ ಅಲ್ಲೇ ಉಳಿಯುತ್ತದೆ. ಬಾಟಲಿ ನೋಡಿದವರಿಗೆ ಎಲ್ಲವೂ ಸರಿಯಿರುವಂತೆ ತೋರುತ್ತದೆ, ನೆಲದ ಮೇಲೆ ತೊಟ್ಟೂ ಬೀಳುವುದಿಲ್ಲ. ಕಂಪನಿಯದ್ದೇ ಮುಚ್ಚಳ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹಳೆಯದರ ಮೇಲಿರುವ ಅಂಕಿಯದ್ದನ್ನೇ ತನ್ನಿ; ಹೆಚ್ಚು ಒತ್ತಡದ್ದನ್ನು ಹಾಕಿದರೆ ಹಳೆಯ ಹೋಸುಗಳೂ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕೂ ಬಾಯಿಬಿಡುತ್ತವೆ. (ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲದೆ, ಬಾಟಲಿಯ ಮೇಲೆಯೇ ಒತ್ತಡದ ಮುಚ್ಚಳವಿರುವ ಕಾರುಗಳವರಿಗೆ ಬಾಟಲಿಯ ಮಟ್ಟವೇ ನಿಜವಾದ ಮಟ್ಟ, ಈ ವಿವರಣೆ ಅವರಿಗೆ ಅನ್ವಯಿಸುವುದಿಲ್ಲ.)

ಮುಚ್ಚಳ ಬದಲಿಸಿ ಅಲ್ಲಿಗೇ ನಿಲ್ಲಿಸಬೇಡಿ, ಪ್ರೆಶರ್ ಟೆಸ್ಟ್ ಮಾಡಿಸಿ. ರೇಡಿಯೇಟರಿನ ಕತ್ತಿಗೆ ಕೈಪಂಪು ಸಿಕ್ಕಿಸಿ ಮುಚ್ಚಳದ ಅಂಕಿಯಷ್ಟು ಒತ್ತಡ ಕೊಟ್ಟು ಕಾದರೆ, ಮುಳ್ಳು ಕೆಳಗಿಳಿಯುತ್ತದೆಯೇ ಎಂಬುದರಿಂದ ಸೋರಿಕೆ ಗೊತ್ತಾಗುತ್ತದೆ. ವಾಟರ್ ಪಂಪಿನ ಕೆಳಗೆ ಬೇಕೆಂದೇ ಬಿಟ್ಟಿರುವ ಸಣ್ಣ ರಂಧ್ರವೊಂದಿದೆ. ಒಳಗಿನ ಸೀಲ್ ಸವೆದಾಗ ದ್ರವ ಅಲ್ಲಿಂದ ಜಿನುಗಿ ಬಿಸಿಗೆ ಒಣಗಿ, ಕೂಲಂಟಿನದೇ ಬಣ್ಣದ ಹುಡಿ ಅಂಟಿಕೊಂಡಿರುತ್ತದೆ. ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದರೆ ಹೀಟರಿನ ಒಳಗೆ ಸೋರುತ್ತಿದೆ ಎಂದರ್ಥ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಅಲ್ಲಿ ಹುಳುಗಳು, ಕೆಮ್ಮಣ್ಣು, ಒಣಎಲೆ ಸೇರಿ ಗಾಳಿಗೆ ದಾರಿಯೇ ಇಲ್ಲದಂತೆ ಆಗಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ವಾಟರ್ ಸರ್ವಿಸ್‌ನವರ ಗನ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಬರೀ ನೀರಿನ ವಿಚಾರಕ್ಕೆ ಬಂದರೆ, ಶಾಖ ಹೊರುವುದರಲ್ಲಿ ನೀರು ಕೂಲಂಟಿಗಿಂತ ಉತ್ತಮ ಎನ್ನುವುದು ನಿಜವೇ, ನಿಮಗೆ ಸಲಹೆ ಕೊಟ್ಟವರು ಅಷ್ಟರಮಟ್ಟಿಗೆ ಸರಿ. ಆದರೆ ಅದರಲ್ಲಿ ತುಕ್ಕು ತಡೆಯುವ ಅಂಶವಿಲ್ಲ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಹಾಕಿದ ರೇಡಿಯೇಟರುಗಳನ್ನು ಕೊಯ್ದು ನೋಡಿದರೆ, ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಹಿಟ್ಟೇ ಸಣ್ಣ ಕೊಳವೆಗಳ ತುಂಬ ಇರುತ್ತದೆ. ಆ ಪದರ ಶಾಖವನ್ನು ದಾಟಲು ಬಿಡುವುದಿಲ್ಲ. ಗಡಸು ನೀರಿನ ಕ್ಲೋರೈಡ್ ಅಲ್ಯೂಮಿನಿಯಂ ಅನ್ನು ತೂತು ಬೀಳುವಂತೆ ತಿನ್ನುತ್ತದೆ. ಕೂಲಂಟನ್ನು ನೀರು ಬೆರೆಸದೆ ಗಟ್ಟಿಯಾಗಿಯೇ ತುಂಬಿಸುವುದೂ ಅಷ್ಟೇ ತಪ್ಪು, ಕೂಲಂಟಿನ ಮೂಲ ದ್ರವವಾದ ಗ್ಲೈಕಾಲ್ ಒಂದೇ ಇದ್ದರೆ, ನೀರು ಹೊರುವ ಶಾಖದಲ್ಲಿ ಸುಮಾರು ಶೇಕಡಾ 60ರಷ್ಟನ್ನು ಮಾತ್ರ ಹೊರುತ್ತದೆ. ಬೆರೆಸಿಯೇ ಬರುವ ಕೂಲಂಟ್ ಕ್ಯಾನ್ ತೆಗೆದುಕೊಳ್ಳಿ, ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ಆರಿಸಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ಹಾಕಿ. ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನೆಕ್ಕಿದ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳ ಕೈಗೂ ಸಿಗದಂತೆ ಇಡಬೇಕು.

ತುಂಬಿಸಿದ ಮೇಲೆ ಗಾಳಿ ತೆಗೆಯುವುದನ್ನು ಮರೆಯಬಾರದು. ಕಾರಿನ ಮುಂಭಾಗ ಸ್ವಲ್ಪ ಎತ್ತರದಲ್ಲಿರಲಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿರುವಾಗಲೇ ಮುಚ್ಚಳ ತೆರೆದಿಟ್ಟು ಎಂಜಿನ್ ಚಾಲೂ ಮಾಡಿ, ಮೇಲಿನ ಹೋಸನ್ನು ಆಗಾಗ ಹಿಸುಕುತ್ತಾ, ಗುಳ್ಳೆ ನಿಲ್ಲುವವರೆಗೂ ಸ್ವಲ್ಪ ಸ್ವಲ್ಪವೇ ತುಂಬಿಸುತ್ತಾ ಹೋಗಬೇಕು.

ಉತ್ತರ: ಹೆಡ್ ಕೆಲಸದವರು

ನಾನು ಲೇತ್ ಮತ್ತು ಹೆಡ್ ಫೇಸಿಂಗ್ ಕೆಲಸ, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್‌ನ ಮೈಯನ್ನು ಸಮಗೊಳಿಸುವ ಕೆಲಸ ಮಾಡುವವನು. ಬಿಸಿಯೇರಿದ ಕಾರುಗಳ ಕೊನೆಯ ಘಟ್ಟ ನಮ್ಮ ಮೇಜಿನ ಮೇಲೆ ಬರುತ್ತದೆ, ಆದ್ದರಿಂದ ಗ್ಯಾರೇಜಿನವರು ಹೇಳದೆ ಬಿಟ್ಟ ಒಂದು ಸಾಧ್ಯತೆಯನ್ನು ಸೇರಿಸುತ್ತೇನೆ. ಮುಚ್ಚಳ ಹಾಳಾಗಿರುವುದು ಸ್ಪಷ್ಟ, ಆದರೆ ಬಾಟಲಿ ತುಂಬುತ್ತಿರುವುದಕ್ಕೆ ಅದೊಂದೇ ಕಾರಣ ಎಂದು ತೀರ್ಮಾನಿಸುವ ಮೊದಲು ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಅದರ ಕೆಳಗಿನ ಎಂಜಿನ್ ಬ್ಲಾಕ್‌ಗೂ ನಡುವಿನ ಸೀಲ್) ಪರೀಕ್ಷಿಸಿ. ಗ್ಯಾಸ್ಕೆಟ್ ಸ್ವಲ್ಪ ಸುಟ್ಟಿದ್ದರೂ ಸಿಲಿಂಡರಿನ ಅನಿಲ ಕೂಲಂಟಿನೊಳಕ್ಕೆ ನುಗ್ಗಿ, ದ್ರವವನ್ನು ಇದೇ ರೀತಿ ಬಾಟಲಿಗೆ ತಳ್ಳುತ್ತದೆ.

ಗುರುತುಗಳು ಹೀಗಿರುತ್ತವೆ: ಬೆಳಗ್ಗೆ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಾಟಲಿಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತವೆ, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯ ಬಣ್ಣ ಕಂಡ ಮಾತ್ರಕ್ಕೆ ಗಾಬರಿಯಾಗಬೇಡಿ, ಮಳೆಗಾಲದಲ್ಲಿ ಸಣ್ಣ ದೂರ ಓಡಿಸುವ ಕಾರುಗಳಲ್ಲಿ ತೇವಾಂಶದಿಂದಲೂ ಅದು ಬರುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿಯಲ್ಲೂ ಅದೇ ಬಣ್ಣವಿದ್ದರೆ ಮಾತ್ರ ಎಂಜಿನ್ ಚಾಲೂ ಮಾಡಲೇಬೇಡಿ. ಖಚಿತಪಡಿಸಿಕೊಳ್ಳಲು ಒಂದು ನೀಲಿ ದ್ರವದ ಪರೀಕ್ಷೆಯಿದೆ: ರೇಡಿಯೇಟರಿನ ಕತ್ತಿನಲ್ಲಿರುವ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ, ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚದೆಯೇ ಉತ್ತರ ಸಿಗುವುದರಿಂದ ಇದನ್ನು ಮಾಡಿಸದೆ ಯಾರಿಗೂ ಹೆಡ್ ಬಿಚ್ಚಲು ಒಪ್ಪಿಗೆ ಕೊಡಬೇಡಿ.

ಬಿಸಿಯೇರಿದರೆ ಇಷ್ಟೆಲ್ಲ ಏಕಾಗುತ್ತದೆ ಎಂದರೆ, ಅಲ್ಯೂಮಿನಿಯಂ ಹೆಡ್ ಕಬ್ಬಿಣದ ಬ್ಲಾಕ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಅದು ಬಾಗುತ್ತದೆ, ತಣಿದ ಮೇಲೂ ಆ ಬಾಗು ಉಳಿಯುತ್ತದೆ. ಸಾಮಾನ್ಯವಾಗಿ 0.05 ಮಿಲಿಮೀಟರ್ ಮೀರಿದ ಬಾಗನ್ನು ತಯಾರಕರು ಒಪ್ಪುವುದಿಲ್ಲ. ನೇರಪಟ್ಟಿ ಇಟ್ಟು, ಸಂದಿ ಅಳೆಯುವ ತೆಳು ತಗಡಾದ ಫೀಲರ್ ಗೇಜ್ ತೂರಿಸಿಯೇ ಅದನ್ನು ನೋಡಬೇಕು, ಕಣ್ಣಿಗೆ ಏನೂ ಕಾಣದು. ಫೇಸಿಂಗ್ ಮಾಡಿ ಸರಿಪಡಿಸಬಹುದು, ಆದರೆ ಎಷ್ಟು ತೆಗೆಯಬಹುದು ಎಂಬುದಕ್ಕೆ ಮಿತಿಯಿದೆ. ಹೆಡ್‌ನ ಮೈಯನ್ನು ಎಮರಿ ಕಾಗದದಿಂದ ಉಜ್ಜಿ ಹಳೆಯ ಬೋಲ್ಟುಗಳಿಂದಲೇ ಬಿಗಿದು ಕೊಡುವ ರೂಢಿ ಇನ್ನೂ ಇದೆ. ಹಲವು ಎಂಜಿನ್ನುಗಳ ಬೋಲ್ಟುಗಳು ಒಮ್ಮೆ ಹಿಗ್ಗಿಸಿ ಬಿಗಿದ ಮೇಲೆ ಮತ್ತೆ ಬಳಸುವಂಥವಲ್ಲ. ಹಾಗೆ ಕಟ್ಟಿದ ಹೆಡ್ ಮುಂದಿನ ಬೇಸಿಗೆಗೆ ಮತ್ತೆ ನಮ್ಮ ಬಳಿಗೆ ಬರುತ್ತದೆ.

ನೇತ್ರಾವತಿ ದಂಡೆ

ಗುರುತುಗಳಲ್ಲಿ ಯಾವುದೂ ನನ್ನ ಕಾರಿನಲ್ಲಿ ಕಾಣುತ್ತಿಲ್ಲ. ಆದರೂ ಮುಚ್ಚಳ ಬದಲಿಸುವ ದಿನವೇ ಪ್ರೆಶರ್ ಟೆಸ್ಟ್ ಮತ್ತು ನೀಲಿ ದ್ರವದ ಪರೀಕ್ಷೆ ಎರಡನ್ನೂ ಮಾಡಿಸುತ್ತೇನೆ. ಥರ್ಮೋಸ್ಟ್ಯಾಟ್ ತನ್ನ ಜಾಗದಲ್ಲೇ ಇರಲಿದೆ. ಇನ್ನೊಂದು ಸಂದೇಹ: ಘಟ್ಟದ ನಡುವೆ ಮುಳ್ಳು ಏರಿದರೆ ಎಂಜಿನ್ ತಕ್ಷಣ ಆರಿಸಬೇಕೇ, ಚಾಲೂ ಇಡಬೇಕೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಘಟ್ಟದ ಚಾಲಕ

ಎರಡೂ ಸರಿ, ಸಂದರ್ಭ ಬೇರೆ ಬೇರೆ. ಮುಳ್ಳು ನಡುವನ್ನು ದಾಟಿದೆ, ಆದರೆ ಕೆಂಪು ಮುಟ್ಟಿಲ್ಲ, ಆವಿ ಕಾಣುತ್ತಿಲ್ಲ ಎಂದಾದರೆ ಎ.ಸಿ. ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೂ ಅದರ ಗಾಳಿಯನ್ನು ಜೋರಿಗೂ ತಿರುಗಿಸಿ. ಕಾಲಿಗೆ ಬಿಸಿಗಾಳಿ ಬಡಿದು ಹಿಂಸೆಯಾದರೂ ಅಷ್ಟು ಶಾಖ ಎಂಜಿನ್ನಿನಿಂದ ಹೊರಗೆ ಬಂತೆಂದೇ ಲೆಕ್ಕ. ಅಗಲವಾದ ಜಾಗ ಸಿಕ್ಕಲ್ಲಿ ತಿರುವಿನಿಂದ ದೂರ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಿ. ಪಂಪೂ ಫ್ಯಾನೂ ತಿರುಗುತ್ತಿದ್ದರೆ ಮುಳ್ಳು ಇಳಿಯುತ್ತದೆ. ಈ ಹಂತದಲ್ಲಿ ಥಟ್ಟನೆ ಆರಿಸಿದರೆ ಹರಿವು ನಿಂತು, ಹೆಡ್‌ನಲ್ಲಿರುವ ಶಾಖವೆಲ್ಲ ನಿಂತ ದ್ರವಕ್ಕೆ ಇಳಿದು ಅಲ್ಲಲ್ಲೇ ಕುದಿಯುತ್ತದೆ.

ಮುಳ್ಳು ಕೆಂಪು ಮುಟ್ಟಿದ್ದರೆ, ಕೆಂಪು ದೀಪ ಹೊತ್ತಿದ್ದರೆ, ಬಾನೆಟ್ ಅಂಚಿನಿಂದ ಆವಿ ಬರುತ್ತಿದ್ದರೆ, ಅಥವಾ ಹೀಟರಿನಿಂದ ಬಿಸಿಗಾಳಿಯ ಬದಲು ತಣ್ಣನೆ ಗಾಳಿ ಬರುತ್ತಿದ್ದರೆ ಒಳಗೆ ಹರಿಯಲು ದ್ರವವೇ ಉಳಿದಿಲ್ಲ. ಸುರಕ್ಷಿತ ಜಾಗಕ್ಕೆ ಹೊರಳಿಸಿ ತಕ್ಷಣ ಆರಿಸಿ. "ಮಾರನಹಳ್ಳಿ ಇನ್ನೇನು ಎರಡು ಕಿಲೋಮೀಟರ್" ಎಂದು ಎಳೆಯಬೇಡಿ, ಎಂಜಿನ್ ಸೀಜ್ ಆಗಲು ಅಷ್ಟು ದೂರ ಸಾಕು.

ಏರಿನಲ್ಲಿ ಗೇರ್ ಇಳಿಸಲು ಹಿಂಜರಿಯಬೇಡಿ. ಮೂರನೆಯದರಲ್ಲಿ ಮುಕ್ಕಿರಿಯುತ್ತಾ ಹೋಗುವ ಎಂಜಿನ್ನಿನಲ್ಲಿ ಪಂಪು ನಿಧಾನ ತಿರುಗುತ್ತದೆ, ಹೊರೆ ಮಾತ್ರ ಪೂರ್ತಿ. ಎರಡನೆಯದರಲ್ಲಿ ಸದ್ದು ಹೆಚ್ಚಾದರೂ ಕೂಲಂಟ್ ಚೆನ್ನಾಗಿ ಹರಿಯುತ್ತದೆ. ಲಾರಿಯ ಹಿಂಬದಿಗೆ ಅಂಟಿಕೊಂಡು ಹೋಗುವುದಕ್ಕಿಂತ ಸ್ವಲ್ಪ ಬಿಟ್ಟು ನಿಂತು, ದಾರಿ ತೆರೆದಾಗ ಒಂದೇ ಓಟದಲ್ಲಿ ಹತ್ತುವುದು ವಾಸಿ.

ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡಿ, ಬಟ್ಟೆ ಸುತ್ತಿಕೊಂಡೂ ಬೇಡ. ಒತ್ತಡದಲ್ಲಿ 110 ಡಿಗ್ರಿಯಲ್ಲಿದ್ದ ದ್ರವ ಮುಚ್ಚಳ ತೆಗೆದ ಕ್ಷಣವೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಮುಖಗಳನ್ನು ನಾನು ಕಂಡಿದ್ದೇನೆ. ಅರ್ಧ ಗಂಟೆಗಿಂತ ಹೆಚ್ಚೇ ಕಾಯಿರಿ, ಮೇಲಿನ ಹೋಸ್ ಕೈಗೆ ಮೆತ್ತಗೆ ಸಿಗಬೇಕು. ಖಾಲಿಯಾಗಿ ಕಾದಿರುವ ಎಂಜಿನ್ನಿಗೆ ತೊರೆಯ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ. ಪೂರ್ತಿ ತಣಿದ ಮೇಲೆ ಬೇರೇನೂ ಇಲ್ಲದಿದ್ದರೆ ಕುಡಿಯುವ ನೀರನ್ನೇ ನಿಧಾನವಾಗಿ ತುಂಬಿಸಿ ಊರು ಸೇರಬಹುದು. ಆಮೇಲೆ ಅದನ್ನು ಬಸಿದು ಕೂಲಂಟ್ ಹಾಕಿಸಲೇಬೇಕು.

ಐಟಿಐ ಬೋಧಕ

ಘಟ್ಟದ ಚಾಲಕರ ಮಾತಿಗೆ ಒಂದು ಸೇರಿಕೆ. ಉಷ್ಣತೆಯ ಸೆನ್ಸರ್ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ಹೋಸ್ ಒಡೆದು ಕೂಲಂಟ್ ಪೂರ್ತಿ ಹೋದರೆ ಅದು ಬರಿ ಗಾಳಿಯಲ್ಲಿ ನಿಂತು, ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬೀಳಬಹುದು. ಅದನ್ನು ತಣಿಯಿತು ಎಂದು ತಿಳಿಯಬಾರದು. ಇನ್ನು, ಅನೇಕ ಕಾರುಗಳಲ್ಲಿ ಮುಳ್ಳು ಸಾಕಷ್ಟು ಅಗಲದ ಉಷ್ಣತೆಯ ವ್ಯಾಪ್ತಿಯಲ್ಲಿ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಕೆಲವು ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ. ಸ್ಟಿಯರಿಂಗ್ ಕೆಳಗಿನ, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನವೊಂದನ್ನು ಕೊಂಡರೆ ಫೋನಿನಲ್ಲಿ ಕೂಲಂಟಿನ ಉಷ್ಣತೆ ಅಂಕಿಯಲ್ಲೇ ಕಾಣುತ್ತದೆ. ಹೊಸ ಮುಚ್ಚಳ ಹಾಕಿ ಮುಂದಿನ ಸಲ ಗುಂಡ್ಯದಿಂದ ಹತ್ತುವಾಗ ಪಕ್ಕದಲ್ಲಿ ಕೂತವರು ಅದನ್ನು ಗಮನಿಸಲಿ. ಫ್ಯಾನ್ ಶುರುವಾದಾಗಲೆಲ್ಲ ಅಂಕಿ ಇಳಿದು, 100ರ ಆಚೀಚೆ ನಿಂತರೆ ಚಿಂತೆಯಿಲ್ಲ. ಎ.ಸಿ. ಹಾಕಿದಾಗ 105 ದಾಟಿ ಏರುತ್ತಲೇ ಹೋದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆ ಅಂಕಿಗಳನ್ನು ಇಲ್ಲಿ ಹಾಕಿ, ಮುಂದಿನದನ್ನು ನೋಡೋಣ.